ಗಡ್ಡದಕ್ಕನ ಕೆಂಪು

ಬಾಟಲಿಯನ್ನು ಕಿವಿಯ ಪಕ್ಕದಲ್ಲಿ ಹಿಡಿದು ಅಲ್ಲಾಡಿಸುವುದರಿಂದ ಗಡ್ಡದಕ್ಕನ ಬೆಳಗಿನ ಕೆಲಸ ಶುರುವಾಗುತ್ತದೆ. ಕಿರುಬೆರಳಿನಷ್ಟು ದಪ್ಪದ ಬಣ್ಣದ ಬಾಟಲಿ. ಒಳಗೆ ಒಂದು ಗಾಜಿನ ಮಣಿ ಇದೆ. ಬಣ್ಣ ತಳ ಹಿಡಿದಿರುವಷ್ಟು ಹೊತ್ತು ಮಣಿ ಅದರಲ್ಲೇ ಹೂತುಕೊಂಡು ಸುಮ್ಮನಿರುತ್ತದೆ. ಬಿಡಿಸಿಕೊಂಡ ಮೇಲೆ ಟಕಟಕ ಅನ್ನುತ್ತದೆ. ಬಣ್ಣ ಪೂರ್ತಿ ಕಲೆತಾಗ ಆ ಸದ್ದು ಮೆತ್ತಗಾಗುತ್ತದೆ. ಆಗ ಅವಳು ಬಾಟಲಿಯನ್ನು ಎಲ್ಲಿಂದ ಎತ್ತಿದ್ದಳೋ ಅಲ್ಲಿಗೇ, ಕೂದಲೆಳೆ ಆಚೀಚೆ ಆಗದಂತೆ ಇಟ್ಟು, ಮುಂದಿನದನ್ನು ಎತ್ತಿಕೊಳ್ಳುತ್ತಾಳೆ.

ಎರಡು ಸಾಲು ಬಾಟಲಿಗಳು. ಎಡಗಡೆ ಕೆಂಪುಗಳು, ನಡುವೆ ಕಂದುಗಳು, ಬಲತುದಿಯಲ್ಲಿ ಹಸಿರುಗಳು. ಅವುಗಳ ಮೇಲೆ ಅಂಟಿಸಿದ ಚೀಟಿಗೂ ಒಳಗಿನ ಬಣ್ಣಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಅಂಗಡಿಯಿಂದ ತಂದ ಕೆಂಪು ಅವಳಿಗೆ ಎಂದೂ ಹಿಡಿಸಿದ್ದಿಲ್ಲ. ತಾನೇ ಬೆರೆಸಿಕೊಂಡು, ಯಾವ ಬಾಟಲಿ ಖಾಲಿ ಇರುತ್ತದೋ ಅದಕ್ಕೆ ತುಂಬಿಸಿಡುವುದು ಅವಳ ಪದ್ಧತಿ. ಹಾಗಾಗಿ 'ಆಕಾಶ' ಎಂದು ಬರೆದ ಬಾಟಲಿಯಲ್ಲಿ ತುಕ್ಕಿನ ಕೆಂಪು ಇದ್ದರೆ 'ಬೆಣ್ಣೆ' ಎಂದು ಬರೆದದ್ದರಲ್ಲಿ ಇಟ್ಟಿಗೆಯ ಕೆಂಪು ಇರುತ್ತದೆ. ಯಾವುದರಲ್ಲಿ ಏನಿದೆ ಎಂದು ಹೇಳಬಲ್ಲವಳು ಅವಳೊಬ್ಬಳೇ. ಅವಳ ಬಾಟಲಿಗಳನ್ನು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ. ಬಣ್ಣ ಹಚ್ಚುವವರಿಗೆ ಇಂಥ ಹುಚ್ಚುಗಳು ಇದ್ದೇ ಇರುತ್ತವೆ ಎಂದು ಎಲ್ಲರೂ ಸುಮ್ಮನಿದ್ದರು.

ಕೆಲಸದ ಜಾಗ ಒಂದು ಟೈರ್ ಅಂಗಡಿಯ ಮೇಲಿನ ಕೋಣೆ. ಬೇಸಿಗೆಯ ಮಧ್ಯಾಹ್ನ ರಬ್ಬರಿನ ವಾಸನೆ ಮೆಟ್ಟಿಲು ಹತ್ತಿ ಮೇಲೆ ಬರುತ್ತದೆ. ನಾಲ್ಕು ಮೇಜುಗಳು ನಾಲ್ಕು ಗೋಡೆಗೆ ಮುಖ ಮಾಡಿವೆ, ಒಂದೊಂದಕ್ಕೂ ಬಗ್ಗಿಸಬಹುದಾದ ಒಂದು ದೀಪ, ಒಂದು ಭೂತಗನ್ನಡಿ. ಇಲ್ಲಿ ತಯಾರಾಗುವುದು ಮೇಜಿನ ಮೇಲೆ ಆಡುವ ಯುದ್ಧದಾಟದ ಸೈನ್ಯಗಳು. ದಾಳ ಎಸೆದು, ಟೇಪು ಹಿಡಿದು ಅಳೆದು, ಹೆಬ್ಬೆರಳುದ್ದದ ಸೈನಿಕರನ್ನು ಮುಂದೆ ನಡೆಸುವ ಆಟ ಅದು. ಆಡುವವರೆಲ್ಲ ದೊಡ್ಡವರು. ಬಣ್ಣ ಹಚ್ಚಲು ಪುರುಸೊತ್ತಿಲ್ಲದವರು, ಕೈ ಕೂಡದವರು ಬರೀ ಪ್ಲಾಸ್ಟಿಕ್ಕಿನ ಬೊಂಬೆಗಳನ್ನು ಪೆಟ್ಟಿಗೆಯಲ್ಲಿ ತುಂಬಿ ಇಲ್ಲಿಗೆ ಕಳಿಸುತ್ತಾರೆ. ಅಸ್ಥಿಪಂಜರಗಳು ಬರುತ್ತವೆ, ಡ್ರ್ಯಾಗನ್ನುಗಳು ಬರುತ್ತವೆ, ಎಲ್ಲಕ್ಕಿಂತ ಹೆಚ್ಚಾಗಿ ಕುಳ್ಳರು ಬರುತ್ತಾರೆ: ಗುಡ್ಡದ ಹೊಟ್ಟೆಯಲ್ಲಿ ಗಣಿ ತೋಡಿಕೊಂಡು ಬದುಕುವ, ಕೊಡಲಿ ಹಿಡಿದ, ಮೊಣಕಾಲಿನವರೆಗೆ ಗಡ್ಡ ಬಿಟ್ಟ ಕುಳ್ಳರು. ಕುಳ್ಳನೆಂದರೆ ಗಡ್ಡ. ಹೆಲ್ಮೆಟ್ಟು ಮತ್ತು ಬೂಟಿನ ನಡುವೆ ಬೇರೇನೂ ಕಾಣುವುದಿಲ್ಲ.

ಆ ಗಡ್ಡಗಳಿಗೆಲ್ಲ ಬಣ್ಣ ಹಚ್ಚುತ್ತಿದ್ದವಳು ಇವಳು. ಹೆಸರು ಬಂದದ್ದೂ ಅದರಿಂದಲೇ. ಮೊದಲು ಒಂದು ಪಿಂಗಾಣಿ ಕಾರ್ಖಾನೆಯಲ್ಲಿ ಬಟ್ಟಲುಗಳ ಅಂಚಿಗೆ ಗೆರೆ ಎಳೆಯುತ್ತಿದ್ದಳು. ಅದು ಮುಚ್ಚಿದಾಗ, ಇಲ್ಲಿ ಲೋಹದ ಕೆಲಸ ಮಾಡುತ್ತಿದ್ದ ನಾದಿನಿ, ಅಂದರೆ ಗಂಡನ ತಂಗಿ, ಅವಳನ್ನು ಕರೆತಂದಳು. ಕೊಡಲಿ, ಕವಚ, ಗುರಾಣಿಗಳಿಗೆ ಬೆಳ್ಳಿ, ಹಿತ್ತಾಳೆ ಬಣ್ಣ ಹಚ್ಚುವುದು ನಾದಿನಿಯ ಪಾಲು. ಮೊದಲ ವಾರವೇ ಅತ್ತಿಗೆ ಹಚ್ಚಿದ ಒಂದು ಗಡ್ಡ ನೋಡಿ ಮಾಲೀಕ ಮಿಕ್ಕ ಕೆಲಸವನ್ನೆಲ್ಲ ಅವಳ ಮೇಜಿನಿಂದ ತೆಗೆಸಿದ. "ನಮ್ಮಣ್ಣನಿಗೆ ಗಡ್ಡವೇ ಬರೋದಿಲ್ಲ. ಅತ್ತಿಗೆ ಆ ಆಸೆನ ಇಲ್ಲಿ ತೀರಿಸ್ಕೊತಿದಾಳೆ," ಎಂದು ನಾದಿನಿ ಆಡಿದ ಮಾತು ಇಷ್ಟು ವರ್ಷಗಳಾದರೂ ಕೋಣೆಯಲ್ಲಿ ಹಳತಾಗಿಲ್ಲ.

ಮಾಲೀಕನನ್ನು ಬೆನ್ನ ಹಿಂದೆ ಎಲ್ಲರೂ ಸೇನಾಪತಿ ಎನ್ನುತ್ತಾರೆ. ರಜೆಯ ದಿನ ಸ್ವತಃ ಆಡುತ್ತಾನೆ, ಆಡಿದಾಗಲೆಲ್ಲ ಸೋಲುತ್ತಾನೆ. ಒಮ್ಮೆ ಗಡ್ಡದಕ್ಕನನ್ನು ಆಟ ನೋಡಲು ಕರೆದಿದ್ದ. ಅವಳು ಅಷ್ಟು ದಿನ ಕೂತು ಹಚ್ಚಿದ ಕುಳ್ಳರು ಎದುರಾಳಿಯ ಎರಡೇ ದಾಳಕ್ಕೆ ಸತ್ತು, ಮೇಜಿನ ಅಂಚಿನ ತಟ್ಟೆಗೆ ಹೋಗಿ ಬಿದ್ದಿದ್ದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಹೇಳಿ ಎದ್ದು ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಅವಳಿಗೆ ಎಲ್ಲಕ್ಕಿಂತ ಪ್ರಿಯವಾದದ್ದು ಕೆಂಪು ಗಡ್ಡ. ಕೆಂಪಿನಷ್ಟು ಸತಾಯಿಸುವ ಬಣ್ಣ ಇನ್ನೊಂದಿಲ್ಲ. ಕಂದು, ಹಸಿರು, ಬೂದಿ ಇವೆಲ್ಲ ಒಂದೇ ಪದರಕ್ಕೆ ಪ್ಲಾಸ್ಟಿಕ್ಕನ್ನು ಮುಚ್ಚುತ್ತವೆ. ಕೆಂಪು ಹಾಗಲ್ಲ. ಮೊದಲ ಪದರದಲ್ಲಿ ನೀರು ಬೆರೆಸಿದ ಹಾಗೆ ತೆಳ್ಳಗೆ ಹರಿದು ಅಡಿಯದನ್ನೆಲ್ಲ ತೋರಿಸಿಬಿಡುತ್ತದೆ. ಒಣಗಲು ಬಿಡಬೇಕು, ಮತ್ತೆ ಹಚ್ಚಬೇಕು, ಮತ್ತೆ ಬಿಡಬೇಕು. ಹೊಸಬರು ಬೇಸತ್ತು ದಪ್ಪಗೆ ಮೆತ್ತುತ್ತಾರೆ, ಕೂದಲಿನ ಗೀರುಗಳೆಲ್ಲ ಹೂತುಹೋಗಿ ಗಡ್ಡ ಜೇಡಿಮಣ್ಣಿನ ಮುದ್ದೆಯಾಗುತ್ತದೆ. "ಕೆಂಪಿಗೆ ನಾಚಿಕೆ ಜಾಸ್ತಿ. ಮೂರು ಸಲ ಕರೆದರೇನೇ ಹೊರಗೆ ಬರೋದು," ಎನ್ನುತ್ತಿದ್ದಳು. ಆ ಕೆಂಪಿಗಾಗಿಯೇ ಒಬ್ಬ ಗಿರಾಕಿ ಇದ್ದ. ಹಡಗುಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಇವರು 'ಹಡಗಿನವರು' ಎಂದು ಕರೆಯುವವನು. ವರ್ಷಗಳಿಂದ ಒಂದೇ ಕುಲದ ಕುಳ್ಳರನ್ನು ಕೂಡಿಸುತ್ತಿದ್ದಾನೆ. ಎಲ್ಲರಿಗೂ ಕೆಂಪು ಗಡ್ಡ, ಎಲ್ಲವೂ ಇವಳದೇ ಕೈ. ಪೆಟ್ಟಿಗೆ ಕಳಿಸಿದಾಗಲೆಲ್ಲ ಫೋನಿನಲ್ಲಿ ಅವನದು ಒಂದೇ ಮಾತು: ಗಡ್ಡಕ್ಕೆ ಬೇರೆ ಯಾರೂ ಕೈ ಹಾಕುವಂತಿಲ್ಲ.

ಕೆಂಪು ಕೈಬಿಡಲು ಶುರುಮಾಡಿದ್ದು ಸುಮಾರು ಒಂದು ವರ್ಷದ ಹಿಂದೆ. ಬಚ್ಚಲಿನಲ್ಲಿ ಮುಖ ತೊಳೆಯುವಾಗ ಬಲಗಣ್ಣಿಗೆ ಸೋಪು ಹೋಗಿ ಅದನ್ನು ಮುಚ್ಚಿಕೊಂಡಿದ್ದಳು. ಎಡಗಣ್ಣೊಂದರಲ್ಲೇ ನೋಡಿದರೆ ಬಿಸಿನೀರಿನ ನಲ್ಲಿಯ ಕೆಂಪು ಬಿಲ್ಲೆ ಕೆಂಪಾಗಿ ಕಂಡಿತು. ಸೋಪು ತೊಳೆದು ಬಲಗಣ್ಣಿನಲ್ಲಿ ನೋಡಿದಾಗ ಅದೇ ಬಿಲ್ಲೆ ಒಣಗಿದ ಎಲೆಯಂತಿತ್ತು. ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣು ಮುಚ್ಚಿ, ಗಂಡ ಬಾಗಿಲು ಬಡಿಯುವವರೆಗೂ ಅಲ್ಲೇ ನಿಂತಿದ್ದಳು.

ಕನ್ನಡಕ ಬದಲಿಸಬೇಕು ಎಂದು ಮನೆಯಲ್ಲಿ ಹೇಳಿ ಒಬ್ಬಳೇ ಆಸ್ಪತ್ರೆಗೆ ಹೋದಳು. ಡಾಕ್ಟರು ಚುಕ್ಕೆಗಳ ಪುಟಗಳನ್ನು ತೋರಿಸಿದರು, ಕಣ್ಣಿಗೆ ಹನಿ ಹಾಕಿ ಬೆಳಕು ಬಿಟ್ಟು ನೋಡಿದರು. ಕಣ್ಣಿನ ಹಿಂದಿನ ನರ ಸೊರಗುತ್ತಿದೆ ಎಂದರು. ಮೊದಲು ಹೋಗುವುದು ಬಣ್ಣ, ಅದರಲ್ಲೂ ಕೆಂಪು ಮತ್ತು ಹಸಿರು. ಗೆರೆಗಳು ಇನ್ನೂ ಕೆಲವು ಕಾಲ ಚೆನ್ನಾಗಿಯೇ ಕಾಣುತ್ತವೆ. ಎಡಗಣ್ಣಿನಲ್ಲೂ ಶುರುವಾಗಿದೆ. ಔಷಧಿಯಿಂದ ನಿಧಾನವಾಗಬಹುದು, ಆಗದೆಯೂ ಇರಬಹುದು. ಹೋದದ್ದಂತೂ ಬರುವುದಿಲ್ಲ. ಕೆಲಸ ಏನು ಎಂದು ಕೇಳಿದರು. ಬೊಂಬೆಗಳಿಗೆ ಬಣ್ಣ ಹಚ್ಚುವುದು ಎಂದಳು. ಡಾಕ್ಟರು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು.

"ಬೇರೆ ಏನಾದ್ರೂ ಬರುತ್ತಾ ನಿಮಗೆ?"

"ಗೆರೆ ಎಳೆಯೋದು ಬರುತ್ತೆ," ಎಂದಳು.

ಗಂಡನಿಗೆ ಹೇಳಲಿಲ್ಲ. ಗಂಡ ಬಡಗಿ. ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ, ಹಿಂದಿನ ಎರಡು ಕೋಣೆಗಳಲ್ಲಿ ಸಂಸಾರ. ನೆಗಡಿ ಬಂದರೂ ಊರಿಗೆಲ್ಲ ಹೇಳಿಕೊಂಡು ಬರುವ ಮನುಷ್ಯ. ಅವನಿಗೆ ಹೇಳಿದರೆ ಸಂಜೆಯೊಳಗೆ ತಂಗಿಗೆ ಗೊತ್ತಾಗುತ್ತದೆ, ತಂಗಿಗೆ ಗೊತ್ತಾದರೆ ಸೇನಾಪತಿಗೆ ಗೊತ್ತಾಗುತ್ತದೆ, ಅಲ್ಲಿಗೆ ಅವಳು ಕೂರುವ ಮೂರನೆಯ ಮೇಜು ಹೋಯಿತು. ಇಡೀ ಬದುಕಿನಲ್ಲಿ ಅವಳಿಗೆ ಅಂತ ಒಂದು ಹೆಸರು ಬಂದಿದ್ದರೆ ಅದು ಆ ಮೇಜಿನಿಂದ. ಪಿಂಗಾಣಿ ಕಾರ್ಖಾನೆಯಲ್ಲಿ ಎಷ್ಟು ಬಟ್ಟಲಿಗೆ ಗೆರೆ ಎಳೆದರೂ ಇದು ಇಂಥವಳ ಗೆರೆ ಎಂದು ಯಾರೂ ಹೇಳಿದ್ದಿಲ್ಲ.

ಆದ್ದರಿಂದ ಬಾಟಲಿಗಳ ಜಾಗವೇ ಅವಳ ಕಣ್ಣಾಯಿತು. ಬಣ್ಣಗಳು ಒಂದೊಂದಾಗಿ ಕೆಸರಿನತ್ತ ಸರಿಯುತ್ತಿದ್ದ ಹಾಗೆ ಅವಳು ಸಾಲನ್ನು ಇನ್ನಷ್ಟು ಬಿಗಿ ಮಾಡಿದಳು. ಎಡದಿಂದ ಮೊದಲನೆಯದು ತುಕ್ಕಿನ ಕೆಂಪು, ಗಡ್ಡದ ಬೇರಿಗೆ. ಎರಡನೆಯದು ಇಟ್ಟಿಗೆ, ನಡುವಿಗೆ. ಮೂರನೆಯದು ಕಿತ್ತಳೆ ಬೆರೆತದ್ದು, ತುದಿಗೆ. ಮುಗಿಯುತ್ತ ಬಂದ ಬಣ್ಣವನ್ನು ಬೆರೆಸುವುದೂ ಅಳತೆಯ ಮೇಲೆ, ಹನಿ ಎಣಿಸಿ. ಮುಚ್ಚಳಕ್ಕೆ ಉಗುರಿನಿಂದ ಒಂದು ಗೀರು ಹಾಕಿಕೊಂಡಿದ್ದರೆ ಮುಗಿಯುತ್ತಿತ್ತು. ಹಾಕಿಕೊಳ್ಳಲಿಲ್ಲ. ಯಾರಾದರೂ ನೋಡಿ, ಗುರುತು ಯಾಕೆ ಎಂದು ಕೇಳಿದರೆ ಹೇಳಲು ಅವಳಲ್ಲಿ ಉತ್ತರವಿರಲಿಲ್ಲ. ಸುಳ್ಳು ಹೇಳುವುದನ್ನು ಅವಳು ಕಲಿತದ್ದೇ ಆ ವರ್ಷ, ಕೈ ಇನ್ನೂ ಪಳಗಿರಲಿಲ್ಲ.

ಬಡಗಿಗೆ ಇದೊಂದೂ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಇಷ್ಟೇ: ಹೆಂಡತಿ ಇತ್ತೀಚೆಗೆ ಕೆಲಸದಿಂದ ಬಂದವಳೇ ಹಣೆ ಒತ್ತಿಕೊಂಡು ಗೋಡೆಗೆ ಒರಗಿ ಕೂರುತ್ತಾಳೆ. ಏನಾಯ್ತು ಎಂದರೆ ಬಗ್ಗಿ ಬಗ್ಗಿ ಕತ್ತು ನೋವು ಎನ್ನುತ್ತಾಳೆ. ಒಮ್ಮೆ ಅವಳಿಗೆ ಊಟದ ಡಬ್ಬಿ ಕೊಡಲು ಹೋದಾಗ ಬಾಟಲಿಗಳು ಮೇಜಿನ ಮೇಲೆ ಬರಿದೇ ನಿಂತದ್ದನ್ನು ನೋಡಿದ್ದ. ಹಿಂದಿನ ಸಾಲಿಗೆ ಕೈ ಚಾಚಲು ಅವಳು ಪ್ರತಿ ಸಲ ಬಗ್ಗುತ್ತಿದ್ದಳು. ಕತ್ತು ನೋವಿಗೆ ಕಾರಣ ಸಿಕ್ಕಿತು ಎಂದುಕೊಂಡ.

ಉಳಿದ ತೇಗದ ತುಂಡುಗಳನ್ನು ಆರಿಸಿ, ಒಂದು ಮೆಟ್ಟಿಲು ಮೆಟ್ಟಿಲಾದ ಸ್ಟ್ಯಾಂಡು ಮಾಡಿದ. ಅವಳು ಎಸೆದಿದ್ದ ಒಂದು ಖಾಲಿ ಬಾಟಲಿಯನ್ನು ಜೇಬಿನಲ್ಲಿ ಇಟ್ಟುಕೊಂಡು ಬಂದು ಅದರ ಸುತ್ತಳತೆಗೆ ಒಂದೊಂದೇ ತೂತು ಕೊರೆದ. ಬಾಟಲಿ ಇಳಿಸಿದರೆ ಅಲ್ಲಾಡಬಾರದು, ಎಳೆದರೆ ಹಿಡಿಯಬಾರದು. ಅಂಚುಗಳನ್ನು ಉಜ್ಜಿ ಉಜ್ಜಿ ಗುಂಡಗೆ ಮಾಡಿದ. ತಂಗಿಯ ಮೂಲಕ ಸೇನಾಪತಿಗೆ ಹೇಳಿಸಿ, ರಜೆಯ ದಿನ ಬೀಗದ ಕೈ ತರಿಸಿಕೊಂಡು, ಸ್ಟ್ಯಾಂಡನ್ನು ಹೆಗಲ ಮೇಲೆ ಹೊತ್ತು ಆ ಮೆಟ್ಟಿಲು ಹತ್ತಿದ. ಬಾಟಲಿಗಳನ್ನು ಸುಮ್ಮನೆ ತುಂಬಿಸಿ ಬರಬಹುದಿತ್ತು. ಆದರೆ ಅವನು ಅಚ್ಚುಕಟ್ಟಿನ ಮನುಷ್ಯ. ಒಂದೊಂದರ ಮುಚ್ಚಳ ತೆಗೆದು, ಒಳಗೆ ಇಣುಕಿ, ತಿಳಿಯಾದವನ್ನು ಮೇಲಿನ ಮೆಟ್ಟಿಲಿಗೂ ಗಾಢವಾದವನ್ನು ಕೆಳಗಿನದಕ್ಕೂ ಹೊಂದಿಸಿಟ್ಟ. ದೂರ ನಿಂತು ನೋಡಿದ. ಬೆಳಗಾಗುವಾಗ ಆಕಾಶ ಕೆಳಗಿನಿಂದ ಮೇಲಕ್ಕೆ ತಿಳಿಯಾಗುವ ಹಾಗಿತ್ತು ಎಂದು ಆಮೇಲೆ ತಂಗಿಯ ಬಳಿ ಹೇಳಿಕೊಂಡ.

ಮರುದಿನ ಬೆಳಗ್ಗೆ ಗಡ್ಡದಕ್ಕ ಒಳಗೆ ಬಂದಾಗ ಸೇನಾಪತಿ, ನಾದಿನಿ ಇಬ್ಬರೂ ಅವಳ ಮುಖ ನೋಡಲು ನಿಂತಿದ್ದರು. ಮೇಜಿನ ಮೇಲೆ ಸ್ಟ್ಯಾಂಡು ಹೊಳೆಯುತ್ತಿತ್ತು. ಬಾಟಲಿಗಳು ಮೆಟ್ಟಿಲ ಮೇಲೆ ಫೋಟೋಗೆ ನಿಂತ ಸಂಸಾರದಂತೆ ನಿಂತಿದ್ದವು. ಹಳೆಯ ಸಾಲುಗಳಿದ್ದ ಜಾಗದಲ್ಲಿ ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಲಾಗಿತ್ತು.

"ನಮ್ಮಣ್ಣ ಹನ್ನೆರಡು ವರ್ಷದಿಂದ ನಂಗೊಂದು ಸ್ಟೂಲ್ ಮಾಡ್ಕೊಡು ಅಂದ್ರೂ ಮಾಡಿಲ್ಲ. ಹೆಂಡ್ತಿಗೆ ನೋಡು, ಸಿಂಹಾಸನ," ಎಂದಳು ನಾದಿನಿ.

"ಚೆನ್ನಾಗಿದೆ," ಎಂದಳು ಗಡ್ಡದಕ್ಕ. ಬೆರಳಿನಿಂದ ಅಂಚನ್ನು ಸವರಿದಳು. ಎಲ್ಲೂ ಒಂದು ಸಿಬಿರು ಇರಲಿಲ್ಲ.

ಆ ದಿನ ಮಾಡಬೇಕಿದ್ದದ್ದು ಹಡಗಿನವರ ಕುಳ್ಳರನ್ನೇ. ಕವಚ, ಕೊಡಲಿಗಳಿಗೆ ನಾದಿನಿ ಆಗಲೇ ಬಣ್ಣ ಹಚ್ಚಿ ಮುಗಿಸಿದ್ದಳು. ಬೂದು ಗಡ್ಡಗಳ ಒಂದು ದಂಡೇ ತಟ್ಟೆಯಲ್ಲಿ ಕಾದಿತ್ತು. ಗಡ್ಡದಕ್ಕ ಒಂದು ಬಾಟಲಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು. ಮಣಿಯ ಸದ್ದು ಎಲ್ಲ ಬಾಟಲಿಗೂ ಒಂದೇ. ಹೆಬ್ಬೆರಳ ಉಗುರಿನ ಮೇಲೆ ಒಂದು ಹನಿ ಹಚ್ಚಿ ನೋಡಿದಳು. ಇನ್ನೊಂದು, ಮತ್ತೊಂದು. ಎಲ್ಲವೂ ಕೆರೆಯ ತಳದ ಮಣ್ಣಿನಂತೆಯೇ ಇದ್ದವು, ಒಂದು ಸ್ವಲ್ಪ ತಿಳಿ, ಒಂದು ಸ್ವಲ್ಪ ಗಾಢ. ಹಿಂದೆ ತಿರುಗಿ, ಇದು ಯಾವ ಬಣ್ಣ ಎಂದು ಕೇಳಿದರೆ ಆಗುತ್ತಿತ್ತು. ಊರಿಗೆಲ್ಲ ಕೆಂಪು ಹಂಚಿದವಳು ಕೆಂಪು ಯಾವುದು ಎಂದು ಹೇಗೆ ಕೇಳುತ್ತಾಳೆ?

ಗಂಡನ ಹಾಗೆ ಯೋಚಿಸಿ ನೋಡಿದಳು. ಅವನು ಯಾವ ಕೆಲಸವನ್ನೂ ಎಡದಿಂದ ಶುರುಮಾಡುವವನು. ಮೊದಲ ಸಾಲಿನ ಎಡತುದಿಯಲ್ಲಿ ಇದ್ದದ್ದು ತುಕ್ಕಿನ ಕೆಂಪು. ಹಾಗಾದರೆ ಅದನ್ನೇ ಮೊದಲು ಎತ್ತಿ, ಸ್ಟ್ಯಾಂಡಿನ ಮೊದಲ ತೂತಿಗೆ ಇಳಿಸಿರಬೇಕು. ಕೆಳಗಿನ ಮೆಟ್ಟಿಲು, ಎಡತುದಿ. ಆ ಬಾಟಲಿಯನ್ನೇ ಬಿಚ್ಚಿದಳು.

ಬ್ರಷ್ಷನ್ನು ತುಟಿಗಳ ನಡುವೆ ಎಳೆದು ಮೊನೆ ಮಾಡಿಕೊಂಡು, ಮೊದಲ ಕುಳ್ಳನ ಕೆಳದುಟಿಯಿಂದ ಶುರುಮಾಡಿದಳು. ಬಣ್ಣ ಗಡ್ಡದ ಗೀರುಗಳಲ್ಲಿ ಇಳಿಯಿತು, ಉಬ್ಬುಗಳ ಮೇಲೆ ಕೂತಿತು, ಅಡಿಯ ಬೂದುಬಣ್ಣ ಒಂದೇ ಸಲಕ್ಕೆ ಮುಚ್ಚಿಹೋಯಿತು. ಅವಳು ಒಂದು ಕ್ಷಣ ಬ್ರಷ್ ಎತ್ತಿ ಹಿಡಿದಳು. ಎರಡನೆಯವನಿಗೂ ಹಾಗೆಯೇ ಆಯಿತು. ಇಷ್ಟು ವರ್ಷಗಳಲ್ಲಿ ಎಂದೂ ಕೆಂಪು ಅವಳಿಗೆ ಮೊದಲ ಕರೆಗೇ ಬಂದದ್ದಿಲ್ಲ. ಮೊನ್ನೆ ಬೆರೆಸುವಾಗ ನೀರು ಕಡಿಮೆ ಬಿದ್ದಿರಬೇಕು, ಅಥವಾ ಕೈಯೇ ಕೂಡಿ ಬಂದಿರಬೇಕು ಎಂದುಕೊಂಡಳು. ಕಣ್ಣು ಕಸಿದುಕೊಂಡದ್ದನ್ನು ಕೈ ತಂದುಕೊಡುತ್ತಿದೆಯೇನೋ ಅನಿಸಿತು. ಆ ವರ್ಷವೆಲ್ಲ ಅವಳು ಅಷ್ಟು ಹಗುರಾಗಿ ಕೆಲಸ ಮಾಡಿದ ಇನ್ನೊಂದು ಬೆಳಗ್ಗೆ ಇರಲಿಲ್ಲ. ಬಾಯಲ್ಲಿ ಏನೋ ಗುನುಗುತ್ತಿದ್ದಳಂತೆ. ಬೆನ್ನ ಹಿಂದೆ ಕೂತ ನಾದಿನಿ, ಅಣ್ಣನ ಮರದ ತುಂಡುಗಳಿಗೆ ಇಷ್ಟು ಶಕ್ತಿ ಇದೆಯಲ್ಲ ಎಂದು ಒಳಗೊಳಗೇ ನಕ್ಕಿದ್ದಳು.

ಊಟಕ್ಕೆ ಕರೆಯಲು ಎದ್ದು ಬಂದ ನಾದಿನಿ ತಟ್ಟೆಯ ಮೇಲೆ ಬಗ್ಗಿದಳು.

"ಅತ್ತಿಗೆ, ಇದೇನಿದು? ಎಲ್ರ ಗಡ್ಡಕ್ಕೂ ಪಾಚಿ ಕಟ್ಟಿದೆಯಲ್ಲ."

ಪಾಚಿಯ ಹಸಿರು ಬಲತುದಿಯ ಬಾಟಲಿ. ಕುಳ್ಳರ ಕಾಲ ಕೆಳಗಿನ ಕಲ್ಲುಗಳಿಗೆ ಹಚ್ಚುವುದು. ಅದೂ ಗಾಢ, ತುಕ್ಕಿನ ಕೆಂಪೂ ಗಾಢ. ಬಡಗಿಯ ಕಣ್ಣಿಗೆ ಎರಡೂ ಕೆಳಗಿನ ಮೆಟ್ಟಿಲಿಗೆ ಸೇರಬೇಕಾದವು. ಪಕ್ಕಪಕ್ಕದಲ್ಲೇ ಇಟ್ಟಿದ್ದ.

ಗಡ್ಡದಕ್ಕ ತಟ್ಟೆಯನ್ನು ನೋಡಿದಳು. ಅವಳಿಗೆ ಅವು ಈಗಲೂ ಬೆಳಗ್ಗೆ ಇದ್ದ ಹಾಗೆಯೇ ಇದ್ದವು. ನಾದಿನಿ ಗೇಲಿ ಮಾಡುತ್ತಿದ್ದಾಳೆಯೇ ಎಂದು ಮುಖ ನೋಡಿದಳು. ಗೇಲಿ ಇರಲಿಲ್ಲ. ಸೇನಾಪತಿಯೂ ಚಹಾದ ಲೋಟ ಹಿಡಿದು ಬಂದ.

"ಅದು ಕೆಳಪದರ," ಎಂದಳು. "ಅಡಿಗೆ ಹಸಿರು ಕೊಟ್ಟರೆ ಮೇಲೆ ಬರೋ ಕೆಂಪಿಗೆ ಆಳ ಬರುತ್ತೆ."

ಮಾತು ಸುಳ್ಳಲ್ಲ. ಹಾಗೆ ಮಾಡುವವರಿದ್ದಾರೆ, ಅವಳು ಎಂದೂ ಮಾಡಿರಲಿಲ್ಲ ಅಷ್ಟೇ. ಸೇನಾಪತಿ ಒಬ್ಬ ಕುಳ್ಳನನ್ನು ಎತ್ತಿ ಬೆಳಕಿಗೆ ಹಿಡಿದು ತಲೆದೂಗಿದ. ಇಷ್ಟು ವರ್ಷ ಈ ವಿದ್ಯೆಯನ್ನು ಎಲ್ಲಿ ಬಚ್ಚಿಟ್ಟಿದ್ದೆ ಎಂದು ಕೇಳಿ, ಲೋಟ ಖಾಲಿ ಮಾಡಿ, ಅಂಚೆಗೆ ಹಾಕುವ ಪೆಟ್ಟಿಗೆಗಳನ್ನು ಹೊತ್ತುಕೊಂಡು ಮೆಟ್ಟಿಲು ಇಳಿದ.

ನಾದಿನಿ ಹೋಗಲಿಲ್ಲ. ಕೆಂಪು ಹೇಗೆ ಕೂರುತ್ತೆ ನೋಡೋಣ, ಒಂದು ಗಡ್ಡಕ್ಕೆ ಹಚ್ಚಿ ತೋರಿಸು ಎಂದಳು. ಕುತೂಹಲ, ಬೇರೇನೂ ಇರಲಿಲ್ಲ. ಗಡ್ಡದಕ್ಕನ ಕೈ ಸ್ಟ್ಯಾಂಡಿನತ್ತ ಹೋಯಿತು. ಕೆಳಗಿನ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತಿತು. ಒಂದು ಬಾಟಲಿ ಎತ್ತಿ ಮುಚ್ಚಳ ತಿರುಗಿಸಿದಳು.

ಅದು ಗುರಾಣಿಯ ಹಿಂಬದಿಯ ಚರ್ಮಕ್ಕೆ ಹಚ್ಚುವ ಕಂದು.

ನಾದಿನಿ ಆ ಬಾಟಲಿಯನ್ನು ನೋಡಿದಳು, ಅತ್ತಿಗೆಯ ಉಗುರಿನ ಮೇಲೆ ಒಣಗಿದ್ದ ನಾಲ್ಕೈದು ಬಣ್ಣದ ಹನಿಗಳನ್ನು ನೋಡಿದಳು, ಆಮೇಲೆ ಮುಖ ನೋಡಿದಳು. ಕಂದನ್ನು ಅವಳ ಕೈಯಿಂದ ಬಿಡಿಸಿಕೊಂಡು, ಪಕ್ಕದ ತೂತಿನಿಂದ ತುಕ್ಕಿನ ಕೆಂಪನ್ನು ಎತ್ತಿ ಅದೇ ಕೈಯಲ್ಲಿಟ್ಟಳು.

"ಎಷ್ಟು ದಿನ ಆಯ್ತು?" ಎಂದಳು.

"ಹೋದ ಬೇಸಿಗೆಯಿಂದ."

"ಅಣ್ಣಂಗೆ ಗೊತ್ತಾ?"

"ಇಲ್ಲ. ಗೊತ್ತಾಗಬಾರದು. ಸ್ಟ್ಯಾಂಡ್ ಮಾಡಿದ್ದು ಅವರು ಕಣೇ."

ಆ ಮಧ್ಯಾಹ್ನ ಊಟದ ಡಬ್ಬಿಗಳು ಮುಚ್ಚಿದ ಹಾಗೇ ಉಳಿದವು. ನಾದಿನಿ ಮೂರನೆಯ ಮೇಜಿಗೆ ಕೂತಳು, ಗಡ್ಡದಕ್ಕ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡಳು. ಒಬ್ಬಳು ಹೇಳುವುದು, ಇನ್ನೊಬ್ಬಳು ಹಚ್ಚುವುದು. ಬ್ರಷ್ಷಿನಲ್ಲಿ ಬಣ್ಣ ಜಾಸ್ತಿಯಾಯಿತು, ಬಟ್ಟೆಗೆ ಒತ್ತಿ ತೆಗಿ. ತುಟಿಯ ಅಡಿಯಿಂದ ಎಳಿ, ತುದಿಗೆ ಬರುವಾಗ ಕೈ ಎತ್ತು. ಗಡ್ಡದ ಜಡೆ ತಿರುಗುವ ಕಡೆ ನಿಲ್ಲು. ಒಣಗಲಿ. ಕಬ್ಬಿಣ, ಹಿತ್ತಾಳೆಗಳಲ್ಲೇ ಕಾಲ ಕಳೆದ ನಾದಿನಿಯ ಕೈ ಮೊದಮೊದಲು ಗಡುಸಾಗಿತ್ತು, ಆಮೇಲೆ ಪಳಗಿತು. ಗೆರೆಯಂತೂ ಗಡ್ಡದಕ್ಕನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಬೆರಳಿಟ್ಟು ಹೇಳಬಲ್ಲವಳಾಗಿದ್ದಳು. ಹೀಗೇ ನಡೆಸಬಹುದು ಎಂಬ ಆಸೆ ಅವಳಲ್ಲಿ ಹುಟ್ಟಿದ್ದು ಆಗ. ಬಣ್ಣ ಅವಳದು, ಮಾತು ನನ್ನದು. ಎರಡು ಹೆಂಗಸರು ಸೇರಿದರೆ ಒಂದು ಗಡ್ಡ. ಸೇನಾಪತಿ ಹೊರಗೆ ಹೋಗುವ ಹೊತ್ತು ನೋಡಿಕೊಂಡರಾಯಿತು.

ಆ ಆಸೆ ಪೆಟ್ಟಿಗೆ ಹಡಗಿನವರಿಗೆ ತಲುಪುವವರೆಗೆ ಇತ್ತು. ಅವನು ಬರೆಯುವವನಲ್ಲ, ಫೋನಿನಲ್ಲಿ ಧ್ವನಿ ಕಳಿಸುವವನು. ಸೇನಾಪತಿ ಅದನ್ನು ಎಲ್ಲರಿಗೂ ಕೇಳಲೆಂದು ಫೋನನ್ನು ಕೋಣೆಯ ನಡುವೆ ಹಿಡಿದ. ಗೊಗ್ಗರು ದನಿ, ಹಿಂದೆ ಎಲ್ಲೋ ರೇಡಿಯೋ. ಇಷ್ಟು ವರ್ಷಗಳಿಂದ ಗಡ್ಡದಕ್ಕನ ಕೆಲಸ ನೋಡುತ್ತಿದ್ದೇನೆ, ಇಂಥ ಗಡ್ಡ ನೋಡಿದ್ದಿಲ್ಲ ಎಂದ. ಹಳೆಯವರನ್ನು ಪಕ್ಕದಲ್ಲಿ ನಿಲ್ಲಿಸಿದೆ, ಪಾಪ, ಅವರ ಗಡ್ಡಗಳು ಬಿಸಿಲಿಗೆ ಮಾಸಿದ ಹಾಗೆ ಕಾಣುತ್ತಿವೆ ಎಂದ. ಒಳಗೆ ಕೆಂಡ ಇದೆ ಇದರಲ್ಲಿ. ಇಡೀ ಕುಲವನ್ನು ಕಳಿಸಿಕೊಡುತ್ತೇನೆ, ಎಲ್ಲರ ಗಡ್ಡವನ್ನೂ ಕೆರೆದು ಹೀಗೇ ಹೊಸದಾಗಿ ಹಚ್ಚಿಕೊಡಿ.

ಸೇನಾಪತಿ ಚಪ್ಪಾಳೆ ತಟ್ಟಿದ. ನಾದಿನಿ ತನ್ನ ಮೇಜಿನಲ್ಲಿ ಒಂದು ಕೊಡಲಿಯ ಮೇಲೆ ಬಗ್ಗಿದವಳು ತಲೆ ಎತ್ತಲಿಲ್ಲ. ಗಡ್ಡದಕ್ಕ ಭೂತಗನ್ನಡಿಯನ್ನು ಬಟ್ಟೆಯಿಂದ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಕಣ್ಣು ಹೋದರೂ ಕೆಲಸ ಉಳಿದಿದೆ ಎಂದು ಅಂದುಕೊಂಡಿದ್ದಳು. ಈಗ ವರ್ಷಗಟ್ಟಲೆ ಹಚ್ಚಿದ ಗಡ್ಡಗಳೆಲ್ಲ ಒಂದು ಪೆಟ್ಟಿಗೆಯಲ್ಲಿ ಹಿಂದಕ್ಕೆ ಬರಲಿದ್ದವು, ಅವನ್ನು ಕೆರೆಯಬೇಕಿತ್ತು. ಹಳೆಯದಕ್ಕೂ ಹೊಸದಕ್ಕೂ ಏನು ವ್ಯತ್ಯಾಸ ಎಂದು ನೋಡಿ ತಿಳಿಯಲು ಕೂಡ ಅವಳಿಗೆ ಸಾಧ್ಯವಿರಲಿಲ್ಲ. ಅವಳಿಗೆ ಎರಡೂ ಒಂದೇ ಕೆಸರು.

ಸೇನಾಪತಿಗೆ ಮಾತ್ರ ಹುರುಪು ಬಂದಿತ್ತು. ಈ ಕೆಳಪದರದ ವಿದ್ಯೆಯನ್ನು ಅವಳು ಹಚ್ಚುವಾಗಲೇ ಮೇಲಿನಿಂದ ಫೋನ್ ಹಿಡಿದು ಚಿತ್ರ ತೆಗೆಯೋಣ, ಗಿರಾಕಿಗಳು ನೋಡಲಿ ಎಂದ. ನಾಳೆ ಬೆಳಗ್ಗೆಯೇ, ಬೆಳಕು ಚೆನ್ನಾಗಿರುವಾಗ.

ಮಾರನೆಯ ಬೆಳಗ್ಗೆ ಅವನು ಫೋನನ್ನು ದೀಪದ ಕೊಕ್ಕೆಗೆ ರಬ್ಬರ್ ಬ್ಯಾಂಡಿನಿಂದ ಕಟ್ಟುತ್ತಿದ್ದಾಗ ಗಡ್ಡದಕ್ಕ ಕಣ್ಣಿನ ವಿಷಯ ಹೇಳಿದಳು. ನಾದಿನಿ ಮಾಡಿದ್ದನ್ನೂ ಹೇಳಿದಳು. ಗಡ್ಡಕ್ಕೆ ಬೆಂಕಿ ಹತ್ತಿದ ಮೇಲೆ ಬಾವಿ ತೋಡಿ ಪ್ರಯೋಜನವಿಲ್ಲ, ಇನ್ನು ಯಾರಿಂದ ಮುಚ್ಚಿಡುವುದು. ಅವನು ರಬ್ಬರ್ ಬ್ಯಾಂಡನ್ನು ಬಿಚ್ಚಿದ. ಒಳ್ಳೆಯ ಮನುಷ್ಯ, ಬೈಯಲಿಲ್ಲ. ಡಾಕ್ಟರು ಏನಂದರು, ಬೇರೆ ಡಾಕ್ಟರಿಗೆ ತೋರಿಸಿದೆಯಾ ಎಂದೆಲ್ಲ ವಿಚಾರಿಸಿದ. ಅವಳು ಇನ್ನೊಬ್ಬರಿಗೂ ತೋರಿಸಿಬಂದಿದ್ದಳು, ಅವರೂ ಅದನ್ನೇ ಹೇಳಿದ್ದರು. ಕೊನೆಗೆ, ಮೊದಲ ಮೇಜು ಖಾಲಿ ಇದೆಯಲ್ಲ ಎಂದ.

ಮೊದಲ ಮೇಜಿನಲ್ಲಿ ಯಾರೂ ಹೆಚ್ಚು ಕಾಲ ನಿಲ್ಲುವುದಿಲ್ಲ. ಅಚ್ಚಿನಿಂದ ಬಂದ ಬೊಂಬೆಯ ಮೈಮೇಲೆ ಎರಡು ಅಚ್ಚುಗಳು ಕೂಡಿದಲ್ಲಿ ಒಂದು ತೆಳುವಾದ ಏಣು ಉಳಿದಿರುತ್ತದೆ. ಅದನ್ನು ಚೂರಿಯ ಬೆನ್ನಿನಿಂದ ಕೆರೆದು ತೆಗೆಯುವುದು ಆ ಮೇಜಿನ ಕೆಲಸ. ಹಳೆಯ ಬಣ್ಣ ಬಿಡಿಸುವುದೂ ಅಲ್ಲೇ. ಅದಕ್ಕೆ ಬಣ್ಣ ಗೊತ್ತಾಗಬೇಕಿಲ್ಲ, ಕಣ್ಣೂ ಅಷ್ಟಾಗಿ ಬೇಕಿಲ್ಲ, ಉಗುರು ಆಡಿಸಿದರೆ ತಿಳಿಯುತ್ತದೆ.

ಮೂರನೆಯ ಮೇಜಿಗೆ ನಾದಿನಿ ಬಂದಳು. ಒಂದು ವಾರ ಅತ್ತಿಗೆಯ ಮುಖ ನೋಡಿ ಮಾತಾಡಲಿಲ್ಲ. ಒಂದು ದಿನ ಬಂದು ಮೊದಲ ಮೇಜಿನ ಮೂಲೆಗೆ ಒರಗಿ ನಿಂತಳು.

"ನಾನು ಬೇಕು ಅಂತ ಚೆನ್ನಾಗಿ ಹಚ್ಚಲಿಲ್ಲ ಅತ್ತಿಗೆ."

"ಗೊತ್ತು. ಬೇಕು ಅಂತ ಯಾರಿಗೂ ಅಷ್ಟು ಚೆನ್ನಾಗಿ ಬರೋದಿಲ್ಲ."

ಇಬ್ಬರೂ ಸ್ವಲ್ಪ ನಕ್ಕರು. ಆಮೇಲೆ ನಾದಿನಿ ಬಣ್ಣಗಳ ಅಳತೆ ಕೇಳಿದಳು, ತುಕ್ಕಿನ ಕೆಂಪು ಮುಗಿಯುತ್ತ ಬಂದಿತ್ತು. ಗಡ್ಡದಕ್ಕ ಹನಿಗಳ ಲೆಕ್ಕ ಹೇಳಿದಳು. ನಾದಿನಿ ಅದನ್ನು ಬೆರೆಸಿ, ಬಾಟಲಿಗೆ ತುಂಬಿ, ಹಳೆಯ ಚೀಟಿ ಕಿತ್ತು, 'ತುಕ್ಕು' ಎಂದು ಬರೆದು ಅಂಟಿಸಿದಳು. ಈಗ ಎಲ್ಲ ಬಾಟಲಿಗಳ ಮೇಲೂ ಒಳಗಿನ ಬಣ್ಣದ್ದೇ ಹೆಸರಿದೆ. ಹಡಗಿನವರಿಗೆ ಹೋಗುವ ಪೆಟ್ಟಿಗೆಯ ಮೇಲೆ ಮಾತ್ರ ಸೇನಾಪತಿ ಈಗಲೂ 'ಗಡ್ಡದಕ್ಕನ ಕೈ' ಎಂದು ಬರೆಯುತ್ತಾನೆ. ಗಿರಾಕಿಗೆ ಬೇಸರ ಮಾಡುವುದು ಯಾಕೆ ಎನ್ನುತ್ತಾನೆ.

ಬಡಗಿಗೆ ಹೇಳಿದ್ದು ಇಷ್ಟು: ಕತ್ತು ನೋವು ವಾಸಿಯಾಗಲಿಲ್ಲ, ಅದಕ್ಕೆ ಹಗುರ ಕೆಲಸದ ಮೇಜಿಗೆ ಹೋಗಿದ್ದೇನೆ. ಅವನು ಊಟದ ತಟ್ಟೆಯಿಂದ ತಲೆ ಎತ್ತಿದ.

"ಹಾಗಾದ್ರೆ ಸ್ಟ್ಯಾಂಡು?"

"ನಿಮ್ಮ ತಂಗಿಗೆ ಆಯ್ತು. ದಿನಾ ಹೊಗಳ್ತಾಳೆ."

"ಅವಳಿಗೆ ಅಂತ ಮಾಡಿದ್ದಲ್ಲ ಅದು," ಎಂದ. ಆಮೇಲೆ ಹೊಸ ಮೇಜಿನ ಮೇಲೆ ಏನೇನು ಇಟ್ಟುಕೊಳ್ಳುತ್ತೀಯ ಎಂದು ಕೇಳಿದ. ಚೂರಿ, ಅರ, ಉಜ್ಜುವ ಕಾಗದ ಎಂದಳು. ಅವನ ಮುಖ ಗೆಲುವಾಯಿತು. ಚೂರಿಗಳನ್ನು ಹಾಗೆ ಬರಿದೇ ಬಿಡಬಾರದು, ಕೈ ಕೊಯ್ಯುತ್ತೆ, ಒಂದೊಂದಕ್ಕೂ ಒಂದೊಂದು ಸೀಳು ಮಾಡಿಕೊಡುತ್ತೇನೆ ಎಂದ. ತೇಗ ಇನ್ನೂ ಸ್ವಲ್ಪ ಉಳಿದಿದೆ.

ಬರುವ ರಜೆಯ ದಿನ ಅವನು ಟೇಪು ಹಿಡಿದುಕೊಂಡು ಮೊದಲ ಮೇಜಿನ ಅಳತೆಗೆ ಹೋಗುತ್ತಾನೆ. ಅದರ ಮಾರನೆಯ ದಿನ ಆಸ್ಪತ್ರೆಯಲ್ಲಿ ಎಡಗಣ್ಣಿನ ಪರೀಕ್ಷೆ ಇದೆ. ಮನೆಯವರನ್ನು ಯಾರನ್ನಾದರೂ ಜೊತೆಗೆ ಕರೆತನ್ನಿ ಎಂದು ಡಾಕ್ಟರು ಈ ಸಲ ಖಡಾಖಂಡಿತವಾಗಿ ಹೇಳಿದ್ದಾರೆ. ಗಡ್ಡದಕ್ಕ ನಾದಿನಿಯನ್ನು ಕರೆದುಕೊಂಡು ಹೋಗುತ್ತಾಳೆ.